ಅಂಟು

ಮಡಿಕೇರಿ ಆಸ್ಪತ್ರೆಯ ಹಿಂಬದಿ, ಮೂರನೇ ಕೋಣೆ ನನ್ನದು.
ಮೇಣದಚ್ಚಿನಲ್ಲಿ ಕೂರಿಸಿದ ಮಾಂಸದ ಚೂರನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳುವ ಕೆಲಸ.
ಇಪ್ಪತ್ತೆರಡು ವರ್ಷ. ಹೆಸರು ಓದುವುದಿಲ್ಲ, ನಂಬರು ಮಾತ್ರ.

ಈ ನಂಬರು ಬಾಗಿಲಿಗೇ ಬಂದು ನಿಂತಿತು
ಬಾಯಿಗೆ ಸೆರಗೊತ್ತಿಕೊಂಡು:
ಭಾಗಮಂಡಲದ ಕಡೆಯ ಪೊನ್ನಕ್ಕ,
ನಲವತ್ತು ಜೇನುಪೆಟ್ಟಿಗೆಗಳ ಯಜಮಾನಿ.
"ನೊಣ ಕಚ್ಚಿದ್ದಲ್ಲ," ಅಂದಳು, ನಾನು ಕೇಳುವ ಮೊದಲೇ.
"ನನ್ನ ನೊಣ ನನಗೆ ಗೊತ್ತು."

ಮೊದಲು ಬಾಯೊಳಗೆ ಹುಣ್ಣು. ಕಾಚಂಪುಳಿ ಬಿದ್ದದ್ದೆಲ್ಲ ಬೆಂಕಿ.
ಕಡಂಬಿಟ್ಟನ್ನು ಹಾಲಲ್ಲಿ ನೆನೆಸಿ ನುಂಗಿದಳಂತೆ ಎರಡು ತಿಂಗಳು.
ಆಮೇಲೆ ಬೆನ್ನ ತುಂಬ ನೀರುಗುಳ್ಳೆ.
ಡಾಕ್ಟರು ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರೆ
ಚರ್ಮ ಸರಿಯಿತು, ಹಾಲಿನ ಕೆನೆ.
ಊರು ಅಂದಿತು: ಅಂಟುರೋಗ.
ಅವಳ ಕೈಯ ಜೇನು ಯಾರೂ ಕೊಳ್ಳಲಿಲ್ಲ.
ನಾದಿನಿ ಲೋಟ ಬೇರೆ ಇಟ್ಟಳು.

ಎಂಥ ತುಂಟ ಭಾಷೆ ನಮ್ಮದು!
ಅಂಟಿದ್ದು ಏನೂ ಇಲ್ಲ ಪೊನ್ನಕ್ಕ,
ಅಂಟು ಹೋದದ್ದೇ ರೋಗ.

ಗಾಜಿನ ಕೆಳಗೆ ನೇರಳೆ ಕಣಗಳು.
ಮೇಲಿನವು ತೇಲುತ್ತಿವೆ ಒಂಟೊಂಟಿ, ದುಂಡಗೆ,
ಸಂತೆಯಲ್ಲಿ ಕೈತಪ್ಪಿದ ಮಕ್ಕಳು.
ಕೆಳಗಿನ ಸಾಲು ಮಾತ್ರ ನಿಂತಿದೆ
ಗದ್ದೆಬದುವಿನ ವೀರಗಲ್ಲುಗಳ ಹಾಗೆ:
ನೆಲ ಬಿಟ್ಟಿಲ್ಲ.
ಪಕ್ಕದವರ ಕೈ ಬಿಟ್ಟಿವೆ.

ನೆಲ ಹಿಡಿಯುವ ಕೈ ಬೇರೆ, ನೆರೆ ಹಿಡಿಯುವ ಕೈ ಬೇರೆ.
ಈ ಎರಡನೆಯದಕ್ಕೆ ಪುಸ್ತಕದಲ್ಲಿ ಡೆಸ್ಮೊಗ್ಲೀನ್ ಎಂದು ಹೆಸರು.
ಪ್ರೋಟೀನೇ. ಆದರೆ ಅದಕ್ಕೆ ಬೆರಳುಂಟು.
ಎದುರಿನ ಬೆರಳಿಗೆ ಕೊಂಡಿಯಾಗಲು
ಚಿಟಿಕೆ ಸುಣ್ಣದ ಸತ್ವ ಬೇಕು, ವೀಳ್ಯಕ್ಕೆ ಬೇಕಾದ ಹಾಗೆ.
ಅದಿಲ್ಲದೆ ತುಟಿ ಕೆಂಪಾಗದು, ಹಿಡಿತವೂ ಕೂಡದು.

ಇವಳಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ.
ರಕ್ತದ ಕಾವಲುಗಾರರೇ ಕೋವಿ ಎತ್ತಿ
ಮನೆಯ ಬೆಸುಗೆಯನ್ನು ಕಳ್ಳನೆಂದು ಬಗೆದರು.
ಯಾಕೆ? "ಕೆಲವೊಮ್ಮೆ ಹಾಗೆ," ಅಂದರು ಡಾಕ್ಟರು.
ಆ "ಕೆಲವೊಮ್ಮೆ" ನನ್ನ ಗಂಟಲಲ್ಲೇ ಇದೆ.

ಗುಡ್ಡ ಜಾರಿದ ಹಾಗೆ ಎಂದು ಇಲ್ಲಿ ಬರೆಯಬಹುದಿತ್ತು.
ಬರೆಯಲಾರೆ. ಜಾರಿದ ಮನೆಗಳ ಜನ
ಬೆಳಿಗ್ಗೆ ನನ್ನದೇ ಬಸ್ಸಿನಲ್ಲಿ ಬರುತ್ತಾರೆ.

ಇನ್ನೊಂದು ಚೂರು ಬೇರೆ ಸೀಸೆಯಲ್ಲಿ ಮೈಸೂರಿಗೆ ಹೋಯಿತು.
ಹತ್ತನೇ ದಿನ ಫೋನಿಗೆ ಫೋಟೋ:
ಕತ್ತಲು. ಕತ್ತಲಲ್ಲಿ ಹಸಿರು ಗೆರೆ,
ಪ್ರತಿ ಕಣದ ಸುತ್ತ ಹಸಿರು ಗೆರೆ,
ಕಾವಲುಗಾರರು ಕೂತ ಜಾಗವೆಲ್ಲ ಮಿಣುಕುತ್ತ
ಐದು ಮೂಲೆ, ಆರು ಮೂಲೆ.
ತೋರಿಸಬಾರದು, ನಿಯಮ. ತೋರಿಸಿದೆ.
ಬಹಳ ಹೊತ್ತು ನೋಡಿದಳು.
"ತುಡುವೆಯ ಎರಿ," ಅಂದಳು. "ಹೊಸದು. ಇನ್ನೂ ತುಪ್ಪ ತುಂಬಿಲ್ಲ."

ಆಮೇಲೆ ಪಾಠ ಅವಳದು:
ಎರಿ ಕಟ್ಟುವಾಗ ನೊಣಗಳು
ಕಾಲಿಗೆ ಕಾಲು ಕೊಟ್ಟು ಸರಪಳಿಯಾಗಿ ತೂಗುತ್ತವೆ.
ಚೌಕಟ್ಟನ್ನು ಸರಕ್ಕನೆ ಎತ್ತಿದರೆ ಹರಿಯುತ್ತದೆ.
ನಿಧಾನಿಸಿದರೆ ಒಂದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ.
"ಬಿಡಲೂ ಬರಬೇಕು ಅವಕ್ಕೆ.
ಹಿಡಿದೇ ಕೂತರೆ ಪಾಲಾಗುವುದು ಹೇಗೆ?"

ನಾನು ಸುಮ್ಮನಾದೆ. ಪಕ್ಕದ ತಟ್ಟೆಯಲ್ಲಿ
ಇನ್ನೊಂದು ನಂಬರು, ಯಾರದೋ ಹೊಟ್ಟೆಯ ಚೂರು.
ಅಲ್ಲಿ ಕೈಬಿಟ್ಟ ಕಣಗಳು ಸಾಯಲಿಲ್ಲ,
ಒಂದರ ಹಿಂದೊಂದು ನಡೆದಿವೆ
ದೂರದಲ್ಲೆಲ್ಲೋ ಬಿಡಾರ ಹೂಡಲು.
ಗಾಯ ಮಾಯುವಾಗಲೂ ಕಣಗಳು ಹಿಡಿತ ಸಡಿಲಿಸಿಯೇ ನಡೆಯುತ್ತವೆ.
ಸೇರಿದ ಮೇಲೆ ಮತ್ತೆ ಬಿಗಿಯುತ್ತವೆ. ಅಷ್ಟೇ ವ್ಯತ್ಯಾಸ,
ಪೊನ್ನಕ್ಕನಿಗೂ ಆ ನಂಬರಿಗೂ ನಡುವೆ ನಾನಿದ್ದೆ.

ನಾಲ್ಕನೇ ತಿಂಗಳು ಬಂದಳು. ಮಾತ್ರೆಗೆ ಮುಖ ಊದಿತ್ತು.
ತನ್ನ ಮುಂಗೈಯ ಮೇಲೆ ತಾನೇ ಹೆಬ್ಬೆರಳೊತ್ತಿ ಎಳೆದಳು.
ಚರ್ಮ ಸರಿಯಲಿಲ್ಲ.
"ಈಗ ಹಿಡಿದಿದೆ. ನಾಳೆಯದು ಗೊತ್ತಿಲ್ಲ."

ರಿಜಿಸ್ಟರಿನ ಮೇಲೆ ಜೇನುಬಾಟಲಿ ಇಟ್ಟು ಹೋದಳು.
ತಳದಲ್ಲಿ ಹನಿ ಇಳಿದಿತ್ತೇನೋ,
ಸಂಜೆ ಎತ್ತಿದರೆ ಹಾಳೆಯೂ ಜೊತೆಗೆ ಏಳುತ್ತದೆ,
ಅವಳ ನಂಬರಿದ್ದ ಹಾಳೆ.
ಹಾಗೇ ಬಿಟ್ಟೆ.